ಬೆಳ್ಳುಳ್ಳಿ ಹಾಕದ ಹಿಂಡಿ

ನಮ್ಮ ಬೈಲಹೊಂಗಲದಲ್ಲಿ ಬುದ್ಧಿ ಹೇಳುವವರಿಗೆ ಎಂದೂ ಕೊರತೆಯಾಗಿಲ್ಲ. ನನ್ನ ಡಿ.ಟಿ.ಪಿ. ಅಂಗಡಿಗೆ ಮದುವೆ ಕಾರ್ಡು ಮಾಡಿಸಲು ಬರುವವರಲ್ಲಿ ಅರ್ಧ ಮಂದಿ, ಪ್ರೂಫ್ ಕೈಗೆ ಬರುವ ತನಕ ಬೆಂಚಿನ ಮೇಲೆ ಕುಳಿತು ಲೋಕವನ್ನು ತಿದ್ದುತ್ತಾರೆ. ಈಚೆಗೆ ಅವರ ಸಿಟ್ಟೆಲ್ಲ ಮೊಬೈಲಿನ ಮೇಲೆ. ಮಂದಿ ಯಾರೋ ಬರೆಯುವವರನ್ನು, ಹಾಡುವವರನ್ನು, ಸಿನಿಮಾದವರನ್ನು ಫಾಲೋ ಮಾಡುತ್ತ ಕೂರುತ್ತಾರಂತೆ. ಅವರು ಉಂಡದ್ದು ಉಟ್ಟದ್ದನ್ನೆಲ್ಲ ನೋಡಿ ಲೈಕ್ ಒತ್ತುತ್ತಾರಂತೆ. ಆ ದೊಡ್ಡವರಿಗೆ ಇವರು ಯಾರೆಂಬುದೇ ಗೊತ್ತಿರುವುದಿಲ್ಲವಂತೆ. "ಏನ ಬಂತ್ರೀ ಇದರಿಂದ?" ಎಂದು ನನ್ನನ್ನು ಕೇಳುತ್ತಾರೆ. ನಾನು ತಿದ್ದುವುದನ್ನು ನಿಲ್ಲಿಸಿ, "ಬರತೈತ್ರಿ. ಭಾಳ ಬರತೈತಿ. ನಮ್ಮ ಮನೀಗೇ ಬಂದಿತ್ತು" ಅನ್ನುತ್ತೇನೆ. ಅವರು ನಗುತ್ತಾರೆ, ನಂಬುವುದಿಲ್ಲ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಹಾಗೆ ನೋಡಿದರೆ ದೊಡ್ಡವರ ಬೆನ್ನು ಹತ್ತುವ ಚಟ ಮೊಬೈಲಿನ ಜೊತೆ ಹುಟ್ಟಿದ್ದೇನಲ್ಲ. ತೊಂಬತ್ತರ ದಶಕದಲ್ಲಿ, ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ, ಕಿತ್ತೂರಿಗೆ ಒಬ್ಬ ಸಿನಿಮಾ ನಟ ಬರುತ್ತಾನೆಂದು ಸುದ್ದಿಯಾಯಿತು. ನಾನೂ ನನ್ನ ಗೆಳೆಯನೂ ಸಾಲೆಗೆ ಚಕ್ಕರ್ ಹೊಡೆದು ಬಸ್ ಹತ್ತಿದೆವು. ಕೋಟೆಯ ಹತ್ತಿರದ ರಸ್ತೆಯಲ್ಲಿ ಬಿಸಿಲಿಗೆ ನಿಂತು ನಿಂತು ಕಣ್ಣಿಗೆ ಕತ್ತಲೆ ಬರುವ ಹೊತ್ತಿಗೆ ಒಂದು ಕಾರು ಬಂತು, ಮಂದಿ ನುಗ್ಗಿದರು, ಕಾರು ಹೋಯಿತು. ನಮಗೆ ಕಂಡದ್ದು ಕಿಟಕಿಯಿಂದ ಹೊರಗೆ ಚಾಚಿದ್ದ ಒಂದು ಮೊಣಕೈ. ಅದು ನಟನದೋ ಡ್ರೈವರನದೋ ಎಂದು ಊರು ಮುಟ್ಟುವ ತನಕ ಜಗಳಾಡಿದೆವು. ಆ ಗೆಳೆಯ ಈಗಲೂ ಅಂಗಡಿಗೆ ಬಂದಾಗೊಮ್ಮೆ "ಅದು ಡ್ರೈವರಂದ ಲೇ" ಎಂದು ಕೆಣಕದೆ ಚಹಾ ಮುಟ್ಟುವುದಿಲ್ಲ. ಅದು ನಟನದೇ. ನನಗೆ ಅದರಲ್ಲಿ ಅನುಮಾನವಿಲ್ಲ.

ಆದರೆ ಬೆನ್ನು ಹತ್ತುವುದು ಅಂದರೆ ಏನೆಂದು ಸರಿಯಾಗಿ ತೋರಿಸಿಕೊಟ್ಟವರು ನಮ್ಮ ವೈನಿ. ಅಣ್ಣನ ಹೆಂಡತಿಯಾಗಿ ಮುನವಳ್ಳಿಯಿಂದ ಅವರು ನಮ್ಮ ಮನೆಗೆ ಬಂದದ್ದು ಅದೇ ವರ್ಷಗಳಲ್ಲಿ. ನಮ್ಮದು ಹತ್ತಿ ವ್ಯಾಪಾರದ ಮನೆ. ಓದುವುದೆಂದರೆ ಗೋಡೆಯ ಕ್ಯಾಲೆಂಡರು ಮತ್ತು ಪೇಪರಿನಲ್ಲಿ ಬರುವ ಹತ್ತಿಯ ದರ, ಅಷ್ಟೇ. ವೈನಿಗೆ ಒಬ್ಬ ಲೇಖಕಿಯ ಬರಹ ಅಂದರೆ ಪ್ರಾಣ. ಆಕೆಯ ಧಾರಾವಾಹಿ ಒಂದು ವಾರಪತ್ರಿಕೆಯಲ್ಲಿ ಬರುತ್ತಿತ್ತು. ಆ ಪತ್ರಿಕೆ ನಮ್ಮ ಮನೆಗೆ ಬರುತ್ತಿರಲಿಲ್ಲ, ಪಕ್ಕದ ಹಿಟ್ಟಿನ ಗಿರಣಿಯವರ ಮನೆಗೆ ಬರುತ್ತಿತ್ತು.

ವೈನಿ ಅದಕ್ಕೊಂದು ದಾರಿ ಹುಡುಕಿದರು. ಜೋಳವನ್ನು ತಿಂಗಳಿಗಾಗುವಷ್ಟು ಒಮ್ಮೆಲೇ ಬೀಸಿಸುವ ಬದಲು ಸ್ವಲ್ಪ ಸ್ವಲ್ಪ ಬೀಸಿಸತೊಡಗಿದರು. ಪತ್ರಿಕೆ ಬರುವ ದಿನವೇ ನಮ್ಮ ಮನೆಯ ಹಿಟ್ಟು ಮುಗಿಯುತ್ತಿತ್ತು! ಗಿರಣಿಯ ಮೂಲೆಯಲ್ಲಿ ನಿಂತು, ಆ ಗದ್ದಲದಲ್ಲಿ, ಹಿಟ್ಟು ಬೀಳುವುದರೊಳಗೆ ಆ ವಾರದ ಕಂತು ಓದಿ ಮುಗಿಸಿ, ರೆಪ್ಪೆಯ ಮೇಲೆಲ್ಲ ಹಿಟ್ಟು ಕೂರಿಸಿಕೊಂಡು ಬರುತ್ತಿದ್ದರು. ಕಥೆಯಲ್ಲಿ ಅಳುವ ಪ್ರಸಂಗ ಬಂದ ವಾರ ಆ ಹಿಟ್ಟು ಕೆನ್ನೆಯ ಮೇಲೆ ಗೆರೆಯಾಗಿ ಇಳಿದಿರುತ್ತಿತ್ತು. "ಗಿರಣ್ಯಾಗ ಯಾರರ ಬೈದ್ರೇನ ನಿನಗ?" ಎಂದು ಅವ್ವ ಕೇಳುವಳು. "ಇಲ್ರಿ ಅತ್ತಿ, ಧೂಳ್ರಿ" ಎಂದು ವೈನಿ ಒಳಗೆ ಹೋಗುವರು.

ಅವ್ವನ ಬಗ್ಗೆಯೂ ಹೇಳಬೇಕು. ಅವ್ವ ಕೆಟ್ಟವಳಲ್ಲ. ಆದರೆ ಮನೆಯ ಒಲೆ ಅವಳ ರಾಜ್ಯ. ಯಾರಿಗೆ ಚಹಾ, ಯಾರಿಗೆ ಊಟ, ಯಾರಿಗೆ ಹೋಳಿಗೆ ಎಂಬುದನ್ನು ಅವಳೇ ನಿರ್ಧರಿಸಬೇಕು. ಅಣ್ಣ ಕೂಡ ವ್ಯಾಪಾರದವರನ್ನು ಊಟಕ್ಕೆ ಕರೆಯುವ ಮೊದಲು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದ. ವೈನಿ ಬಂದು ಹತ್ತು ಹನ್ನೆರಡು ವರ್ಷವಾದರೂ ತಾನಾಗಿ ಒಬ್ಬರನ್ನೂ ಈ ಮನೆಗೆ ಊಟಕ್ಕೆ ಕರೆದವರಲ್ಲ. ತವರಿನವರು ಬಂದರೂ ಕರೆದವಳು ಅವ್ವನೇ, ಬಡಿಸಿದವಳು ಅವ್ವನೇ. ವೈನಿ ರೊಟ್ಟಿ ಬಡಿದರು, ಅಷ್ಟೇ.

ಎರಡು ಸಾವಿರದ ಇಸವಿ ದಾಟಿ ಒಂದಷ್ಟು ವರ್ಷಕ್ಕೆ ನಾನು ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ತೆಗೆದೆ. ಆ ದಶಕ ಮುಗಿಯುವ ಹೊತ್ತಿಗೆ ಇಂಟರ್‌ನೆಟ್ ಹಾಕಿಸಿದೆ. ಎಲ್ಲರೂ ಬಂದು ಸೇರುವ, ಬರೆದು ಹಾಕುವ ತಾಣಗಳು ಆಗ ಹೊಸದಾಗಿ ಬಂದಿದ್ದವು. ಆ ಲೇಖಕಿ ಅಂಥ ಒಂದು ಕಡೆ ಬರೆಯುತ್ತಿದ್ದಾರೆಂದು ವೈನಿಗೆ ತೋರಿಸಿದೆ. ಮುಗಿಯಿತು. ನಾನು ಮಧ್ಯಾಹ್ನ ಊಟಕ್ಕೆ ಎದ್ದೆನೆಂದರೆ ವೈನಿ ನನ್ನ ಕುರ್ಚಿಯಲ್ಲಿ. ಮೊದಲು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದವರು ಆಮೇಲೆ ನನಗಿಂತ ಜೋರಾದರು. ಆ ತಾಣಕ್ಕೆ ಅವರು ಇಟ್ಟ ಹೆಸರು "ಕಟ್ಟಿ". ನಾಲ್ಕು ಮಂದಿ ಕೂತು ಹರಟುವ ಜಾಗಕ್ಕೆ ನಮ್ಮಲ್ಲಿ ಬೇರೆ ಹೆಸರಿಲ್ಲ. "ಇವತ್ತ ಕಟ್ಟಿ ಮ್ಯಾಲ ಏನ ಸುದ್ದಿ, ವೈನಿ?" ಎಂದರೆ ಸಾಕು. ಲೇಖಕಿಯ ಬೆಕ್ಕು ಮರಿ ಹಾಕಿದ್ದು, ಅವರಿಗೆ ಹಲ್ಲಿ ಕಂಡರೆ ಆಗದ್ದು, ಬೆಳ್ಳುಳ್ಳಿ ತಿಂದರೆ ಹೊಟ್ಟೆ ಉರಿಯುವುದು, ಎಲ್ಲ ವರದಿ ಬರುತ್ತಿತ್ತು.

"ನಿಮ್ಮ ಹೊಟ್ಟಿ ಏನ ಆಗೇತಿ ಅಂತ ಅವರು ಎಂದರ ಕೇಳ್ಯಾರೇನ್ರಿ?" ಎಂದು ನಾನು ಕೆಣಕುತ್ತಿದ್ದೆ.

"ಬರದು ಹಾಕಿದ್ರ ಕೇಳತಾರ. ನಾ ಬರದಿಲ್ಲ" ಅನ್ನುವರು ವೈನಿ. ಅವರ ಜೊತೆ ಮಾತಿನಲ್ಲಿ ಗೆಲ್ಲುವುದು ಕಷ್ಟ.

ಒಂದು ದಿನ ಲೇಖಕಿ ಬರೆದರು: "ಈ ಭಾನುವಾರ ಬೈಲಹೊಂಗಲಕ್ಕೆ ಬರುತ್ತಿದ್ದೇನೆ. ಆ ಕಡೆಯ ಗೆಳೆಯರೆಲ್ಲ ಸಿಗಬೇಕು." ಇಲ್ಲಿಯ ಒಂದು ಕಾಲೇಜಿನಲ್ಲಿ ಅವರ ಭಾಷಣವಿತ್ತು.

ಬೇರೆ ಊರಿನವರು ಇದನ್ನು ಓದಿ ಸುಮ್ಮನಾಗುತ್ತಿದ್ದರೇನೋ. ನಮ್ಮ ಕಡೆಯ ರೀತಿಯೇ ಬೇರೆ. ಗುರುತಿನವರು "ನಿಮ್ಮೂರಿಗೆ ಬರತೇನಿ" ಎಂದು ಬಾಯಿಬಿಟ್ಟು ಹೇಳಿದರೆ ಒಂದು ಹೊತ್ತಿನ ಊಟ ನಮ್ಮದು ಎಂದು ಅರ್ಥ. ಅವರು ಖಾನಾವಳಿಯಲ್ಲಿ ಉಂಡು ಹೋದರೆ ನಮ್ಮ ಮರ್ಯಾದೆ ಹೋದಂತೆ. ವೈನಿ ಆ ಸಾಲನ್ನು ಎರಡು ಸಲ ಓದಿ ಎದ್ದು ನಿಂತರು. "ನೋಡೋ ತಮ್ಮಾ, ಬರತೇನಿ ಅಂತ ಹೇಳಿ ಕಳಿಸ್ಯಾರ. ಊಟಕ್ಕ ಬರ್ರಿ ಅನ್ನದ ಇದ್ರ ಹೆಂಗ?"

"ವೈನಿ, ಅದು ಸಾವಿರಾರು ಮಂದಿಗೆ ಹೇಳಿದ್ದ್ರಿ."

"ಸಾವಿರ ಮಂದ್ಯಾಗ ಬೈಲಹೊಂಗಲದಾಕಿ ನಾ ಒಬ್ಬಾಕೀನ ಅದೇನಿ" ಎಂದರು.

ಅಂದು ಮಧ್ಯಾಹ್ನ ನಾನು ಊಟಕ್ಕೆ ಹೋಗಿ ಬರುವುದರೊಳಗೆ, ಲೇಖಕಿಯ ಆ ಮಾತಿನ ಕೆಳಗೆ, ಎಲ್ಲರಿಗೂ ಕಾಣುವಂತೆ, ವೈನಿ ಬರೆದಿದ್ದರು: "ನಮಸ್ಕಾರ್ರಿ ಅಕ್ಕಾರ. ರವಿವಾರ ಮಧ್ಯಾಹ್ನ ಊಟ ನಮ್ಮ ಮನ್ಯಾಗ. ಸಂತಿ ಪ್ಯಾಟಿ ಹಿಂದ, ಹಿಟ್ಟಿನ ಗಿರಣಿ ಬಾಜೂಕಿನ ಮನಿ. ಸಂಗಾಟ ಇದ್ದಾರನ್ನೂ ಕರಕೊಂಡ ಬರ್ರಿ." ಜೊತೆಗಿದ್ದವರನ್ನೂ ಕರೆತನ್ನಿ ಎಂಬ ಆ ಕೊನೆಯ ಮಾತು ನಮ್ಮಲ್ಲಿ ಯಾರನ್ನೇ ಕರೆದರೂ ಸೇರಿಸುವ ಮಾತು. ಅದನ್ನು ಬಿಟ್ಟರೆ ಕರೆದದ್ದೇ ಕರೆದಂತಲ್ಲ. ನನ್ನ ಮದುವೆ ಕಾರ್ಡುಗಳಲ್ಲೂ ಅದು ಇರಲೇಬೇಕು.

ಆಮೇಲೆ ವೈನಿ ಅಡುಗೆಮನೆಗೆ ಹೋದರು. ನಾನು ಬಾಗಿಲ ಹೊರಗೆ ಕಿವಿ ಚಾಚಿ ನಿಂತೆ. "ಅತ್ತಿ, ರವಿವಾರ ಊಟಕ್ಕ ಒಬ್ಬರನ್ನ ಕರದೇನ್ರಿ" ಎಂದು ಅವರು ಹೇಳಿದ್ದು ಕೇಳಿಸಿತು. ಕರೀಲೇನ್ರಿ ಎಂದು ಕೇಳಿರಲಿಲ್ಲ, ಕರದೇನಿ ಅಂದಿದ್ದರು. ಒಳಗೆ ಲಟ್ಟಣಿಗೆಯ ಸದ್ದು ನಿಂತಿತು.

"ಯಾರನ್ನ?"

"ಬರಿಯೋರನ್ನ್ರಿ. ಭಾಳ ದೊಡ್ಡ ಮಂದಿ."

"ಬರೂದ ಖಾತ್ರಿ ಏನ? ಹ್ಞೂ ಅಂದಾರ?"

ಲೇಖಕಿ ಏನೂ ಅಂದಿರಲಿಲ್ಲ. ಆದರೆ ವೈನಿಯ ಮಾತಿನ ಕೆಳಗೆ ಆಗಲೇ ಕೆಲವು ಲೈಕ್ ಬಿದ್ದಿದ್ದವು, ಎತ್ತಿದ ಹೆಬ್ಬೆರಳಿನ ಚಿತ್ರ. ವೈನಿ ಅದನ್ನೇ ಹೇಳಿದರು: "ಮಂದಿ ಹೆಬ್ಬಟ್ಟ ಒತ್ಯಾರ್ರಿ ಅತ್ತಿ."

"ಹೆಬ್ಬಟ್ಟ ಒತ್ತಿದ್ರ ಆತ ಬಿಡು" ಎಂದಳು ಅವ್ವ. ಅವಳ ಲೆಕ್ಕದಲ್ಲಿ ಅದಕ್ಕಿಂತ ಗಟ್ಟಿ ಮಾತು ಬೇರೆ ಇಲ್ಲ. ಆದರೂ ಆ ರಾತ್ರಿ ಊಟಕ್ಕೆ ಕೂತಾಗ ಅಣ್ಣನ ಕಡೆ ತಿರುಗಿ, "ನಿನ್ನ ಹೆಂಡತಿ ಮಾತಿನ ಮ್ಯಾಲ ಹೋಳಿಗಿ ಮಾಡಾಕತ್ತೇನಿ. ಬರದಿದ್ರ ಮುಂದ ಈಕಿ ಕರದೇನಿ ಅಂದ್ರ ನಾ ಒಲಿ ಹಚ್ಚಾಕಿ ಅಲ್ಲ" ಎಂದಳು. ವೈನಿ ತಲೆ ಎತ್ತಲಿಲ್ಲ.

ಶನಿವಾರದ ಹೊತ್ತಿಗೆ ಮನೆ ಮದುವೆಮನೆಯಂತಾಗಿತ್ತು. ವೈನಿ ತಮ್ಮ ಕೈಯಾರೆ ಗುಳೇದಗುಡ್ಡದ ಖಣ ತಂದಿದ್ದರು, ದಟ್ಟ ನೇರಳೆ ಬಣ್ಣದ್ದು. ಊಟ ಮಾಡಿ ಹೊರಡುವ ಹೆಣ್ಣುಮಗಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿ ಉಡಿ ತುಂಬಿ ಕಳಿಸಬೇಕಲ್ಲ, ಅದಕ್ಕೆ. ಜಗಳವಾದದ್ದು ಶೇಂಗಾ ಹಿಂಡಿಯ ಬಗ್ಗೆ. ಹುರಿದ ಶೇಂಗಾ, ಖಾರ, ಬೆಳ್ಳುಳ್ಳಿ ಸೇರಿಸಿ ಕುಟ್ಟಿದ ಅವ್ವನ ಹಿಂಡಿ ಓಣಿಗೆಲ್ಲ ಹೆಸರಾದದ್ದು. ಒರಳಿನ ಮುಂದೆ ಕೂತವಳಿಗೆ ವೈನಿ ಮೆಲ್ಲಗೆ, "ಅತ್ತಿ, ಬಳ್ಳೊಳ್ಳಿ ಬ್ಯಾಡ್ರಿ. ಅವರಿಗೆ ಆಗಂಗಿಲ್ಲ" ಎಂದರು.

"ಬಳ್ಳೊಳ್ಳಿ ಹಾಕದ ಹಿಂಡಿ? ಅದಕ್ಕ ಹಿಂಡಿ ಅಂತಾರ?" ಅವ್ವ ಒನಕೆ ನೆಲಕ್ಕೆ ಊರಿದಳು. ಆದರೂ ಬೈದುಕೊಳ್ಳುತ್ತಲೇ ಹಾಗೇ ಕುಟ್ಟಿದಳು. ಬದನೆಯ ಎಣಗಾಯಿಗೂ ಹಾಕಲಿಲ್ಲ, ಮಡಕಿಕಾಳಿನ ಪಲ್ಯಕ್ಕೂ ಹಾಕಲಿಲ್ಲ. ನಮ್ಮ ಅಡುಗೆಮನೆಯಿಂದ ಬೆಳ್ಳುಳ್ಳಿಯ ವಾಸನೆ ಬರದ ಮೊದಲ ದಿನ ಅದು.

ರವಿವಾರ ಲೇಖಕಿಯನ್ನು ಕರೆತರಲು ನಾನು ಕಾಲೇಜಿಗೆ ಹೋದೆ. ವೈನಿ ಭಾಷಣಕ್ಕೂ ಬರಲಿಲ್ಲ. ಹೋಳಿಗೆ ಬಿಸಿ ಇರಬೇಕಿತ್ತು. ಭಾಷಣ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮುಗಿದ ಮೇಲೆ ಜನ ಮುತ್ತಿಕೊಂಡರು. ಸಂಘಟಕರು ಅವರನ್ನು ಒಳಕೋಣೆಗೆ ಕರೆದೊಯ್ದರು. ನಾನು ಕಾರಿನ ಪಕ್ಕದಲ್ಲೇ ಕಾದೆ. ಕಿತ್ತೂರಿನಲ್ಲಿ ಕಲಿತ ಪಾಠ, ಈ ಸಲ ಮೊಣಕೈ ನೋಡಿ ಹೋಗುವುದಿಲ್ಲ ಎಂದುಕೊಂಡಿದ್ದೆ. ಅವರು ಬಂದಾಗ ಅಡ್ಡ ನಿಂತು ಎಲ್ಲ ಹೇಳಿದೆ.

ಲೇಖಕಿ ಬಹಳ ಸೌಮ್ಯವಾಗಿ ಕೇಳಿಸಿಕೊಂಡರು. "ಅಯ್ಯೋ, ನಾನು ಅದನ್ನು ನೋಡಲೇ ಇಲ್ಲವಲ್ಲ. ನೂರಾರು ಬಂದಿರುತ್ತವೆ. ಈಗ ಊಟವೂ ಆಯಿತು, ಬೆಳಗಾವಿಗೆ ಹೊರಡಬೇಕು" ಎಂದರು.

"ಬೆಳ್ಳುಳ್ಳಿ ಹಾಕದೇನ ಮಾಡ್ಯಾರ್ರೀ ಎಲ್ಲಾ" ಎಂದೆ.

ಅವರು ಬೆರಗಾಗಿ ನಕ್ಕರು. "ನನಗೆ ಆಗುವುದಿಲ್ಲ ಅಂತ ನಿಮಗೆ ಹೇಗೆ ಗೊತ್ತಾಯಿತು?" ಬರೆದದ್ದು ಅವರಿಗೇ ಮರೆತುಹೋಗಿತ್ತು. ಮುಂದಿನ ಸಲ ಖಂಡಿತ ಬರುತ್ತೇನೆ, ನಿಮ್ಮ ಅತ್ತಿಗೆಗೆ ನನ್ನ ನಮಸ್ಕಾರ ಹೇಳಿ ಎಂದು ಕೈಮುಗಿದು ಕಾರು ಹತ್ತಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಇವತ್ತಿಗೂ ಇಲ್ಲ. ಆದರೆ ಸ್ಕೂಟರನ್ನು ನೇರ ಮನೆಗೆ ಬಿಡದೆ ಸಂತೆ ಪೇಟೆಗೆ ಒಂದು ಸುತ್ತು ಹಾಕಿದೆ. ಅಡುಗೆಮನೆಯಲ್ಲಿ ವೈನಿಯ ಮುಖ ನೋಡುವುದಿತ್ತು. ಅವ್ವನ ಮುಖ ನೋಡುವುದಿತ್ತು.

ಓಣಿ ಹೊಕ್ಕರೆ ನಮ್ಮ ಮನೆಯ ಮುಂದೆ ಚಪ್ಪಲಿಗಳ ಸಾಲು.

ಒಳಗೆ ಪಡಸಾಲೆಯಲ್ಲಿ ನಾನು ಕಂಡರಿಯದ ಮಂದಿ ಕುಳಿತಿದ್ದರು. ರಾಮದುರ್ಗದಿಂದ ಒಬ್ಬ ಟೀಚರಮ್ಮ. ಸವದತ್ತಿಯಲ್ಲಿ ಔಷಧದ ಅಂಗಡಿ ಇಟ್ಟವರೊಬ್ಬರು. ಕಿತ್ತೂರಿನಿಂದ ಗಂಡ ಹೆಂಡತಿ, ಅವರ ಕೂಸು ಆಗಲೇ ಅವ್ವನ ಮಡಿಲಲ್ಲಿ. ಎಲ್ಲರೂ ನನ್ನ ಹಿಂದೆ ಬಾಗಿಲ ಕಡೆ ನೋಡಿದರು. "ಅಕ್ಕಾರು ಬಂದ್ರೇನ್ರಿ?"

ಆಗ ನನಗೆ ಅರ್ಥವಾಯಿತು. ಇವರೂ ಆ ಕಟ್ಟೆಯ ಮೇಲೆ ಇದ್ದವರು. ವೈನಿ ಬರೆದದ್ದನ್ನು ಓದಿದವರು. ಕಟ್ಟೆಯ ಮೇಲೆ ನಾಲ್ಕು ಮಂದಿ ಕೂತಿದ್ದಾಗ ಒಬ್ಬರನ್ನೇ ಊಟಕ್ಕೆ ಕರೆದು ಉಳಿದವರನ್ನು ಬಿಡುವ ಪದ್ಧತಿ ನಮ್ಮ ಕಡೆ ಇಲ್ಲವೇ ಇಲ್ಲ. ಸಂಗಾಟ ಇದ್ದವರನ್ನೂ ಕರಕೊಂಡು ಬರ್ರಿ ಅಂದಮೇಲೆ ತಾವೂ ಸಂಗಾಟ ಇದ್ದವರೇ ಎಂದುಕೊಂಡು, ಭಾಷಣ ಕೇಳಿ, ಹಿಟ್ಟಿನ ಗಿರಣಿ ಎಲ್ಲಿ ಎಂದು ವಿಚಾರಿಸುತ್ತ ಬಂದುಬಿಟ್ಟಿದ್ದರು.

ವೈನಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕೈಯೆಲ್ಲ ಹಿಟ್ಟು. "ಅವರು ಬರಂಗಿಲ್ಲಂತ್ರಿ ವೈನಿ. ಬೆಳಗಾವಿಗೆ ಹ್ವಾದ್ರು" ಎಂದೆ.

ವೈನಿಯ ಮುಖ ಒಣಗಿದ್ದು ನನಗೆ ಕಂಡಿತು. ಅವ್ವ ಕೂಸಿನ ಬೆನ್ನು ತಟ್ಟುವುದನ್ನು ನಿಲ್ಲಿಸಿ ಸೊಸೆಯನ್ನೇ ನೋಡುತ್ತಿದ್ದಳು. ಟೀಚರಮ್ಮ ಮೊದಲು ಎದ್ದರು, ಅವರ ಹಿಂದೆ ಉಳಿದವರೂ ಎದ್ದರು. "ತಪ್ಪ ತಿಳ್ಕೋಬ್ಯಾಡ್ರಿ. ಅವರು ಬಂದಿರತಾರಂತ ಬಂದ್ವಿ. ನಾವಿನ್ನ ಬರತೇವ್ರಿ" ಎಂದು ಸೆರಗು ಹೊದ್ದುಕೊಂಡರು.

"ಕುಂದರ್ರಿ" ಎಂದರು ವೈನಿ.

ಅಷ್ಟು ಜೋರಾಗಿ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಊಟಕ್ಕ ಕರದಾಕಿ ನಾ. ಅವರಲ್ಲ. ನಿಮ್ಮನ್ನ ಉಪವಾಸ ಕಳಿಸಾಕ ನಾ ಒಲಿ ಮುಂದ ಕುಂತಿಲ್ಲ. ತಮ್ಮಾ, ತಾಟ ಹಾಕು."

ತಾಟು ಹಾಕಿದೆ. ಅವ್ವ ಕೂಸನ್ನು ತೊಟ್ಟಿಲಿಗೆ ಹಾಕಿ ಬಂದು ತುಪ್ಪದ ಗಿಂಡಿ ಹಿಡಿದಳು. ಮೊದಲಿನ ಎರಡು ರೊಟ್ಟಿ ಎಲ್ಲರೂ ನೆಲ ನೋಡುತ್ತಲೇ ತಿಂದರು. ಆಮೇಲೆ ಸವದತ್ತಿಯ ಔಷಧದಂಗಡಿಯವರು ಹಿಂಡಿ ಬಾಯಿಗಿಟ್ಟು ಸ್ವಲ್ಪ ಹೊತ್ತು ಮೆದ್ದು, "ಎಲ್ಲಾ ಭಾಳ ಛಲೋ ಆಗೇತ್ರಿ. ಆದ್ರ ಹಿಂಡಿಗೆ ಬಳ್ಳೊಳ್ಳಿ ಹಾಕಿಲ್ಲೇನ್ರಿ?" ಎಂದರು.

ಅವ್ವ ಬಾಯಿ ತೆರೆಯುವುದರೊಳಗೆ ಟೀಚರಮ್ಮನೂ ಕಿತ್ತೂರಿನ ಗಂಡ ಹೆಂಡತಿಯೂ ಒಟ್ಟಿಗೇ ಕೂಗಿದರು: "ಅಕ್ಕಾರಿಗೆ ಆಗಂಗಿಲ್ಲಲ್ಲರೀ!"

ಪಡಸಾಲೆ ತುಂಬ ನಗು. ಔಷಧದಂಗಡಿಯವರು ಹಣೆ ಬಡಿದುಕೊಂಡು, "ಹೌದ ಹೌದ, ಹೊಟ್ಟಿ ಉರೀತೈತಿ ಅಂತ ಬರದಿದ್ರು. ನಾನ ಔಷಧ ಬರದು ಹಾಕಿದ್ದೆ" ಎಂದರು. ಅವ್ವ ಕಣ್ಣು ಅಗಲಿಸಿ ಒಬ್ಬೊಬ್ಬರನ್ನೇ ನೋಡಿದಳು. ಮುಖ ಪರಿಚಯವಿಲ್ಲದ ಮೂರು ಊರಿನ ಮಂದಿಗೆ ಒಬ್ಬ ಹೆಣ್ಣುಮಗಳ ಹೊಟ್ಟೆಯ ಸುದ್ದಿ ಗೊತ್ತಿತ್ತು! "ಇವರ ತಲಿ ಎಲ್ಲಾ ಒಂದ ಕಡೆ ಕೆಟ್ಟೈತೆವ್ವಾ" ಎಂದು ಅವಳೂ ನಕ್ಕಳು.

ಅಲ್ಲಿಂದ ಮುಂದೆ ಬಾಯಿಗೆ ಬಿಡುವಿರಲಿಲ್ಲ. ಧಾರಾವಾಹಿಯ ನಾಯಕಿ ಗಂಡನ ಮನೆ ಬಿಟ್ಟು ಹೋದದ್ದು ಸರಿಯೋ ತಪ್ಪೋ ಎಂದು ಟೀಚರಮ್ಮ ಕೇಳಿದರು. ವೈನಿ ಕೈಯಲ್ಲಿ ಹೋಳಿಗೆ ಹಿಡಿದು ನಿಂತಲ್ಲೇ ವಾದಕ್ಕೆ ಇಳಿದರು. ಗಿರಣಿಯ ಸದ್ದಿನಲ್ಲಿ ಒಬ್ಬರೇ ಓದಿ ಒಬ್ಬರೇ ಅತ್ತಿದ್ದನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡವರು ಅಂದು ಬಿಚ್ಚಿದರು. ಹೋಳಿಗೆ ಆರಿಹೋಯಿತು. ಅಣ್ಣ ತನ್ನ ಹೆಂಡತಿಯನ್ನು ಹೊಸದಾಗಿ ನೋಡುವವನಂತೆ ಕಂಬಕ್ಕೆ ಒರಗಿ ಕೂತಿದ್ದ. ನನಗೆ ಎಷ್ಟು ಸಂತೋಷವಾಯಿತೆಂದರೆ ಎರಡು ಸಲ ಎದ್ದು ಹೊರಗೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ.

ಅಂದಿನಿಂದ ಇಂದಿನವರೆಗೂ ಆ ಮಂದಿ ನಮ್ಮವರು. ರಾಮದುರ್ಗದ ಟೀಚರಮ್ಮನ ಪುಸ್ತಕಗಳು ಬಸ್ಸಿನ ಡ್ರೈವರ್ ಕೈಯಲ್ಲಿ ಬೈಲಹೊಂಗಲಕ್ಕೆ ಬರುತ್ತವೆ, ನಮ್ಮ ಮನೆಯವು ಅದೇ ದಾರಿಯಲ್ಲಿ ಹೋಗುತ್ತವೆ. ಕಿತ್ತೂರಿನ ಆ ಕೂಸಿನ ಹುಟ್ಟುಹಬ್ಬದ ಕಾರ್ಡು ನನ್ನ ಅಂಗಡಿಯಲ್ಲೇ ಆಗುತ್ತದೆ. ಲೇಖಕಿ ಕೂಡ ಒಂದು ವಾರದ ಮೇಲೆ ವೈನಿಯ ಮಾತಿನ ಕೆಳಗೆ ಕ್ಷಮೆ ಕೇಳಿ ಬರೆದರು. ವೈನಿಗೆ ಖುಷಿಯಾಯಿತು. ಅವರನ್ನು ಓದುವುದನ್ನಂತೂ ಬಿಟ್ಟಿಲ್ಲ. ಏನು ಬಂತ್ರೀ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಯಾರ ಬೆನ್ನು ಹತ್ತಿದ್ದೀರೋ ಅವರು ತಿರುಗಿ ನೋಡದಿದ್ದರೆ ಬಿಡಿ, ನಿಮ್ಮ ಮಗ್ಗುಲಲ್ಲಿ ಯಾರು ನಡೆಯುತ್ತಿದ್ದಾರೆ ಎಂದು ಒಮ್ಮೆ ನೋಡಿ.

ಆ ದಿನ ಸಂಜೆಯ ಬಸ್ಸಿಗೆ ಎಲ್ಲರೂ ಹೊರಟರು. ಅವ್ವ ಟೀಚರಮ್ಮನಿಗೂ ಕಿತ್ತೂರಿನ ಹೆಣ್ಣುಮಗಳಿಗೂ ಮನೆಯಲ್ಲಿದ್ದ ಖಣ ತೆಗೆದು ಉಡಿ ತುಂಬಿದಳು. ಅವರು ಓಣಿ ದಾಟುವ ತನಕ ವೈನಿ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಂದಾಗ ಅವ್ವ ಮಣೆಯ ಮುಂದೆ ಅಕ್ಕಿ, ಕೊಬ್ಬರಿ ಇಟ್ಟುಕೊಂಡು ಇನ್ನೂ ಕೂತೇ ಇದ್ದಳು.

"ಆ ನೇರಳಿ ಖಣ ಎಲ್ಲೈತಿ?"

"ಪೆಟ್ಟಿಗ್ಯಾಗ ಇಟ್ಟೇನ್ರಿ ಅತ್ತಿ. ಅಂಗಡ್ಯಾವ ವಾಪಸ್ ತಗೋತಾನೇನೋ ಕೇಳತೇನಿ."

"ಉಡಿಗಂತ ತಂದಿದ್ದ ವಾಪಸ್ ಕೊಡತಾರೇನ? ತಾ ಇಲ್ಲೆ."

ವೈನಿ ತಂದುಕೊಟ್ಟರು. ಅವ್ವ ಮಣೆ ತೋರಿಸಿದಳು. "ಕುಂದರು. ಸೆರಗ ಒಡ್ಡು."

"ನನಗ್ಯಾಕ್ರಿ ಅತ್ತಿ? ಅದು ಬರಿಯೋರಿಗಂತ..."

"ಬರಿಯಾಕಿ ಬಂದಾಗ ಮತ್ತೊಂದ ತರೂಣಂತ. ಇವತ್ತ ಈ ಮನಿಗೆ ಮಂದೀನ ಕರದಾಕಿ ನೀ."

ವೈನಿ ಸೆರಗು ಒಡ್ಡಿದರು. ಅವ್ವ ಬೊಗಸೆ ತುಂಬ ಹಾಕಿದ ಅಕ್ಕಿ ಸೆರಗು ಮೀರಿ ನೆಲಕ್ಕೂ ಬಿತ್ತು. ಅವ್ವ ಕುಂಕುಮ ಹಚ್ಚಿ, ಸೊಸೆಯ ಹಣೆಯ ಮೇಲಿದ್ದ ಒಣ ಹಿಟ್ಟನ್ನು ತನ್ನ ಹೆಬ್ಬೆರಳಿನಿಂದ ಒರೆಸಿದಳು.

"ಇನ್ನ ಮ್ಯಾಲ ಕರಿಯೂ ಮುಂದ ನನ್ನ ಕೇಳಬ್ಯಾಡ" ಎಂದಳು. "ಬಳ್ಳೊಳ್ಳಿ ಹಾಕಬೇಕೋ ಬ್ಯಾಡೋ, ಅಷ್ಟ ಹೇಳು."